ಹಳೆಯ ಮಿಯಾಟಾ: ಇರುವ ಎಂಜಿನ್‌ಗೆ ಟರ್ಬೊ ಹಾಕುವುದೋ, ಎಂಜಿನ್ನನ್ನೇ ಬದಲಿಸುವುದೋ?

ಪ್ರೀತಿಯ ಮಂಜು,

1991ರ ಮಜ್ದಾ ಮಿಯಾಟಾ ಕೊಂಡಿದ್ದೀಯ, ಸಂತೋಷ. ಅದರ 1.6 ಲೀಟರ್ ಎಂಜಿನ್‌ಗೆ ಟರ್ಬೊ (ಎಕ್ಸಾಸ್ಟ್ ಹೊಗೆಯ ಬಲದಿಂದ ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಸಾಧನ) ಹಾಕಿಸಲೋ ಅಥವಾ ಅದನ್ನು ಇಳಿಸಿ ಹೋಂಡಾದ ಕೆ24 ಎಂಜಿನ್ ಕೂರಿಸಲೋ ಎಂದು ಕೇಳಿದ್ದೀಯ. ನೀನಿರುವುದು ಫ್ರೀಮಾಂಟ್‌ನಲ್ಲಿ. ಹಾಗಾಗಿ ಅರ್ಧ ಉತ್ತರವನ್ನು ಕ್ಯಾಲಿಫೋರ್ನಿಯಾದ ಸ್ಮಾಗ್ (ವಾಹನದ ಹೊಗೆ) ನಿಯಮಗಳೇ ಕೊಟ್ಟುಬಿಡುತ್ತವೆ. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ಈಗಿರುವ ಎಂಜಿನ್ ಗಟ್ಟಿಯಾಗಿದೆಯೋ ಇಲ್ಲವೋ ನೋಡಿಕೋ. ಅದು ಗೊತ್ತಿಲ್ಲದೆ ಮುಂದಿನ ಯಾವ ಲೆಕ್ಕಕ್ಕೂ ಬುಡವಿಲ್ಲ.

ಕಂಪ್ರೆಷನ್ ಟೆಸ್ಟ್ ಮಾಡು, ಅಂದರೆ ಒಂದೊಂದು ಸಿಲಿಂಡರಿನಲ್ಲೂ ಎಷ್ಟು ಒತ್ತಡ ಹುಟ್ಟುತ್ತದೆ ಎಂದು ಗೇಜಿನಿಂದ ಅಳೆ. ಎಂಜಿನ್ ಚೆನ್ನಾಗಿ ಬಿಸಿಯಾಗಿರಬೇಕು, ಬ್ಯಾಟರಿಯಲ್ಲಿ ಪೂರ್ತಿ ಚಾರ್ಜ್ ಇರಬೇಕು. ನಾಲ್ಕೂ ಪ್ಲಗ್ ಬಿಚ್ಚು. ಹೆಡ್ಡಿನ ಹಿಂಬದಿಯಲ್ಲಿರುವ ಕ್ಯಾಮ್ ಆ್ಯಂಗಲ್ ಸೆನ್ಸರಿನ ಕನೆಕ್ಟರ್ ಕಿತ್ತಿಟ್ಟರೆ ಸ್ಪಾರ್ಕೂ ಬರುವುದಿಲ್ಲ, ಪೆಟ್ರೋಲೂ ಚಿಮ್ಮುವುದಿಲ್ಲ. ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿದು ಕ್ರ್ಯಾಂಕ್ ಮಾಡು. ಆಕ್ಸಿಲರೇಟರ್ ಒತ್ತಲು ಮರೆತವರಿಗೆ ನಾಲ್ಕೂ ಸಿಲಿಂಡರಿನಲ್ಲಿ ಕಡಿಮೆ ಅಂಕಿ ಬಂದು ಸುಮ್ಮನೆ ಗಾಬರಿಯಾಗುತ್ತದೆ. 170 ಪಿಎಸ್‌ಐ ಮೇಲಿದ್ದು, ಸಿಲಿಂಡರುಗಳ ನಡುವಿನ ವ್ಯತ್ಯಾಸ ನೂರಕ್ಕೆ ಹತ್ತರೊಳಗಿದ್ದರೆ ನೆಮ್ಮದಿಯಿಂದಿರು. ಒಂದರಲ್ಲಿ ಮಾತ್ರ ಕಡಿಮೆ ಬಂದರೆ ಅದಕ್ಕೊಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ನೋಡು. ಅಂಕಿ ಏರಿದರೆ ರಿಂಗ್ ಸವೆದಿದೆ. ಏರದಿದ್ದರೆ ವಾಲ್ವ್ ಅಥವಾ ಹೆಡ್ ಗ್ಯಾಸ್ಕೆಟ್ ಮೇಲೆ ಅನುಮಾನಪಡು. ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಮೇಲಿಂದ ಟಿಕ್ ಟಿಕ್ ಎನ್ನುವುದಕ್ಕೆ ಹೆದರಬೇಡ. ಅದು ವಾಲ್ವ್ ಸಂದನ್ನು ಆಯಿಲ್ ಒತ್ತಡದಿಂದ ಸರಿಹೊಂದಿಸುವ ಹೈಡ್ರಾಲಿಕ್ ಲ್ಯಾಶ್ ಅಡ್ಜಸ್ಟರುಗಳ ಸದ್ದು. ಸಕಾಲಕ್ಕೆ ಆಯಿಲ್ ಬದಲಿಸುತ್ತಿದ್ದರೆ ಎಷ್ಟೋ ಸಲ ಅಡಗುತ್ತದೆ.

ಇನ್ನೊಂದನ್ನು ನೋಡದೆ ಒಂದು ಡಾಲರೂ ಬಿಚ್ಚಬೇಡ. ಮಿಯಾಟಾ ಶುರುವಾದಾಗಿನಿಂದ 1991ರ ನಡುಭಾಗದವರೆಗಿನ ಎಂಜಿನ್‌ಗಳಲ್ಲಿ ಕ್ರ್ಯಾಂಕ್‌ಶಾಫ್ಟಿನ ಮುಂದಿನ ಮೂತಿ (ಪುಲ್ಲಿ ಕೂರುವ ತುದಿ) ಗಿಡ್ಡ. ನಿನ್ನದು 1991ರದ್ದಾದ್ದರಿಂದ ಎರಡರಲ್ಲಿ ಯಾವುದಾದರೂ ಆಗಿರಬಹುದು. ಮುಂದಿನ ಪುಲ್ಲಿಯ ನಡುವಿನ ಗುಬ್ಬಿಯಲ್ಲಿ ಸೀಳುಗಳನ್ನು ಎಣಿಸು: ನಾಲ್ಕಿದ್ದರೆ ಗಿಡ್ಡ ಮೂತಿ, ಎಂಟಿದ್ದರೆ ಉದ್ದ ಮೂತಿ. ಟೈಮಿಂಗ್ ಬೆಲ್ಟ್ ಬದಲಿಸುವಾಗ ಪುಲ್ಲಿಯ ನಡುವಿನ ಬೋಲ್ಟನ್ನು ಸರಿಯಾದ ಟಾರ್ಕ್‌ಗೆ ಬಿಗಿಯದೆ ಬಿಟ್ಟರೆ ಬೆಲ್ಟಿನ ಗೇರು ಕೊಂಚವೇ ಅಲುಗುತ್ತಾ ಅದನ್ನು ಹಿಡಿದಿಡುವ ಕೀ ಎಂಬ ಲೋಹದ ತುಂಡನ್ನೂ, ಕ್ರ್ಯಾಂಕಿನಲ್ಲಿ ಅದು ಕೂರುವ ತೋಡನ್ನೂ ತಿಂದುಹಾಕುತ್ತದೆ. ಟೈಮಿಂಗ್ ಹಿಂದೆ ಸರಿದು ಶಕ್ತಿ ಇಳಿಯುತ್ತದೆ, ಪುಲ್ಲಿ ತಿರುಗುವಾಗ ಓಲಾಡುತ್ತದೆ. ಗಿಡ್ಡ ಮೂತಿಗೆ ಟಾರ್ಕ್ 80–87 ಪೌಂಡ್-ಅಡಿ, ಉದ್ದದ್ದಕ್ಕೆ 116–123. ಒಂದರ ಅಂಕಿಯನ್ನು ಇನ್ನೊಂದಕ್ಕೆ ಹಾಕುವವರಿದ್ದಾರೆ, ಎಚ್ಚರ. ತೋಡು ಅಲ್ಪ ಸವೆದಿದ್ದರೆ ಹೊಸ ಕೀ, ಹೊಸ ಬೋಲ್ಟ್, ಲಾಕ್‌ಟೈಟ್ 660 ಅಂಟು ಹಾಕಿ ಉಳಿಸಿಕೊಂಡವರುಂಟು. ಆದರೆ ಹಾಗೆ ತೇಪೆ ಹಾಕಿದ ಕ್ರ್ಯಾಂಕಿನ ಮೇಲೆ ಟರ್ಬೊ ಕೂರಿಸುವುದಕ್ಕೆ ನನ್ನ ಒಪ್ಪಿಗೆ ಇಲ್ಲ.

ಎಂಜಿನ್ ಗಟ್ಟಿಯಿದೆ ಎಂದಿಟ್ಟುಕೊಂಡು ಟರ್ಬೊ ವಿಷಯಕ್ಕೆ ಬರೋಣ. ಕಂಪನಿ ಹೇಳಿದ್ದು 116 ಎಚ್‌ಪಿ, ಚಕ್ರಕ್ಕೆ ತಲುಪುವುದು ಹೆಚ್ಚುಕಡಿಮೆ 95. ಸಣ್ಣ ಟರ್ಬೊ, ಇಂಟರ್‌ಕೂಲರ್, 6–7 ಪಿಎಸ್‌ಐ ಬೂಸ್ಟ್ (ಟರ್ಬೊ ತುಂಬುವ ಗಾಳಿಯ ಒತ್ತಡ) ಇದ್ದರೆ ಚಕ್ರದಲ್ಲಿ 150ರ ಆಸುಪಾಸು ಸಿಗುತ್ತದೆ. ಸಾವಿರ ಕಿಲೋ ತೂಗದ ಕಾರಿಗೆ ಅದು ಧಾರಾಳವಾಯಿತು. ಅಡ್ಡಿಯಿರುವುದು ಕಬ್ಬಿಣದಲ್ಲಲ್ಲ, ಇಂಧನ ಮತ್ತು ಸ್ಪಾರ್ಕ್ ಟೈಮಿಂಗ್ ನಿಯಂತ್ರಣದಲ್ಲಿ. ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್ ಆದ ಮೂಲ ಇಸಿಯುಗೆ ಬೂಸ್ಟ್ ಎಂದರೇನೆಂದೇ ತಿಳಿಯದು. ಗಾಳಿ ಅಳೆಯುವ ಫ್ಲ್ಯಾಪ್ ಪೂರ್ತಿ ತೆರೆದ ಮೇಲೆ ಎಷ್ಟು ಗಾಳಿ ಬಂದರೂ ಅದಕ್ಕೆ ಒಂದೇ. ಈ ಎಂಜಿನ್ನಿನಲ್ಲಿ ಇಂಧನ ಅಕಾಲದಲ್ಲಿ ಸಿಡಿಯುವುದನ್ನು ಗುರುತಿಸುವ ನಾಕ್ ಸೆನ್ಸರ್ ಕೂಡ ಇಲ್ಲ. ನಿಮ್ಮಲ್ಲಿ ಬಂಕಿನಲ್ಲಿ ಸಿಗುವ ಪ್ರೀಮಿಯಂ 91 ಆಕ್ಟೇನ್. ಬೂಸ್ಟಿನ ಪ್ರತಿ ಪಿಎಸ್‌ಐಗೆ ಸುಮಾರು ಒಂದು ಡಿಗ್ರಿಯಂತೆ ಟೈಮಿಂಗ್ ಹಿಂದಕ್ಕೆಳೆದು, ಗಾಳಿ-ಇಂಧನ ಅನುಪಾತವನ್ನು 11.5ರ ಹತ್ತಿರ ಇಡದಿದ್ದರೆ ಪಿಸ್ಟನ್ನಿನ ರಿಂಗ್ ಅಂಚು ಮುರಿಯುತ್ತದೆ. ಆದ್ದರಿಂದ ಸ್ಟ್ಯಾಂಡ್‌ಅಲೋನ್ ಇಸಿಯು, ದೊಡ್ಡ ಇಂಜೆಕ್ಟರ್, ವೈಡ್‌ಬ್ಯಾಂಡ್ ಆಕ್ಸಿಜನ್ ಸೆನ್ಸರ್ ಈ ಮೂರರಲ್ಲಿ ಕಂಜೂಸಿ ಬೇಡ. ಪ್ಲಗ್ ಒಂದು-ಎರಡು ಮೆಟ್ಟಿಲು ತಂಪಿನದಾಗಿರಲಿ, ಗ್ಯಾಪನ್ನು 1.1 ಮಿ.ಮೀ.ಯಿಂದ 0.7–0.8ಕ್ಕೆ ಇಳಿಸು.

ಇಲ್ಲಿ ಎರಡು ಕಡೆ ಹೊಸಬರು ಎಡವುತ್ತಾರೆ. 1.6ರಲ್ಲಿ ಪೆಟ್ರೋಲ್ ಪಂಪಿನ ಸ್ವಿಚ್ ಇರುವುದು ಆ ಗಾಳಿ ಫ್ಲ್ಯಾಪಿನೊಳಗೆ. ಫ್ಲ್ಯಾಪ್ ಕಿತ್ತುಹಾಕಿ ಪಂಪಿನ ರಿಲೇಯನ್ನು ಹೊಸ ಇಸಿಯುಗೆ ಜೋಡಿಸದಿದ್ದರೆ, ಕೀ ತಿರುಗಿಸಿದಾಗ ಎಂಜಿನ್ ಹೊತ್ತಿಕೊಂಡು ಕೀ ಬಿಟ್ಟ ಕೂಡಲೇ ಆರುತ್ತದೆ. ಇನ್ನೊಂದು, ಮ್ಯಾನ್ಯುವಲ್ ಗೇರಿನ 1.6ರ ಥ್ರಾಟಲ್ ಸೆನ್ಸರ್ ನಿಜವಾಗಿ ಸೆನ್ಸರೇ ಅಲ್ಲ. ಐಡಲ್ ಮತ್ತು ಪೂರ್ತಿ ತೆರೆದ ಸ್ಥಿತಿ ಎರಡನ್ನಷ್ಟೇ ತಿಳಿಸುವ ಸ್ವಿಚ್. ಹೊಸ ಇಸಿಯುಗೆ ನಡುವಿನದೆಲ್ಲ ಬೇಕು, ಹಾಗಾಗಿ ಅದನ್ನೂ ಬದಲಿಸು.

ಟರ್ಬೊಗೆ ಹೋಗುವ ಆಯಿಲ್ ಪೈಪು ಸಣ್ಣದಿದ್ದರೂ ನಡೆಯುತ್ತದೆ, ವಾಪಸ್ ಬರುವುದು ದಪ್ಪವಿರಬೇಕು. ಸಂಪಿನಲ್ಲಿ ಆಯಿಲ್ ಮಟ್ಟಕ್ಕಿಂತ ಮೇಲೆ ತೂತು ಕೊರೆದು, ಎಲ್ಲೂ ಬಾಗಿ ನಿಲ್ಲದಂತೆ ಕೆಳಮುಖವಾಗಿ ಇಳಿಸು. ಆಯಿಲ್ ತಾನಾಗಿ ಇಳಿಯದಿದ್ದರೆ ಟರ್ಬೊ ಸೀಲಿನಿಂದ ಒಸರಿ ನೀಲಿ ಹೊಗೆ ಬರುತ್ತದೆ. ಜನ ಟರ್ಬೊ ಕೆಟ್ಟಿತೆಂದು ಹೊಸದು ತರುತ್ತಾರೆ, ಪಾಪ. ಸೂಕ್ಷ್ಮವಾದ ಸಂಗತಿ ಇನ್ನೊಂದಿದೆ. ಈ ಎಂಜಿನ್ ಹುಟ್ಟಿದ್ದು ಅಡ್ಡಲಾಗಿ ಕೂರುವ, ಮುಂದಿನ ಚಕ್ರ ಎಳೆಯುವ ಮಜ್ದಾ 323 ಕಾರಿಗೆ. ಅದರಲ್ಲಿ ಬಿಸಿ ನೀರು ಹೆಡ್ಡಿನ ಫ್ಲೈವೀಲ್ ಕಡೆಯ ತುದಿಯಿಂದ ಹೊರಬರುತ್ತಿತ್ತು. ಮಿಯಾಟಾದಲ್ಲಿ ಉದ್ದಕ್ಕೆ ತಿರುಗಿಸಿದಾಗ ಆ ದಾರಿಯನ್ನು ಮುಂದಕ್ಕೆ ತಂದರು. ಪಂಪೂ ಮುಂದೆ, ಹೊರದಾರಿಯೂ ಮುಂದೆ. ಹಿಂದಿನ ನಾಲ್ಕನೇ ಸಿಲಿಂಡರಿಗೆ ತಂಪು ಕಮ್ಮಿ. ದಿನನಿತ್ಯದ ಓಡಾಟಕ್ಕೆ ಅದು ಗೊತ್ತಾಗುವುದಿಲ್ಲ. ಬೂಸ್ಟ್ ಹಾಕಿ ಟ್ರ್ಯಾಕಿಗೆ ಹೋಗುವವನು ಥರ್ಮೋಸ್ಟಾಟನ್ನು ಹಿಂದಕ್ಕೆ ಒಯ್ಯುವ ಕೂಲಂಟ್ ರೀರೂಟ್ ಮಾಡಿಸಿಕೊಳ್ಳಲೇಬೇಕು.

ಹಿಂದಿನ ಡಿಫರೆನ್ಷಿಯಲ್ (ಎಂಜಿನ್ನಿನ ಶಕ್ತಿಯನ್ನು ಹಿಂದಿನ ಎರಡು ಚಕ್ರಗಳಿಗೆ ಹಂಚುವ ಗೇರುಗಳು) ವಿಷಯ ಯಾವ ದಾರಿ ಹಿಡಿದರೂ ತಪ್ಪದು. 1993ರವರೆಗಿನ ಮಿಯಾಟಾದ್ದು 6 ಇಂಚಿನ ರಿಂಗ್ ಗೇರ್. ಮೂಲ ಶಕ್ತಿಗೆ ಸಾಕು, ಹೆಚ್ಚಿಸಿದರೆ ಅದೇ ಮೊದಲು ಮುರಿಯುವುದು. 1994ರ ನಂತರದ 7 ಇಂಚಿನದು ತಂದು ಹಾಕು. ಜೊತೆಗೆ ಅದರ ಪ್ರೊಪೆಲ್ಲರ್ ಶಾಫ್ಟ್, ಎರಡು ಆ್ಯಕ್ಸಲ್‌ಗಳೂ ಬೇಕು. ಡಿಫರೆನ್ಷಿಯಲ್ ಒಂದನ್ನೇ ಕೊಂಡರೆ ಕೂರುವುದಿಲ್ಲ. ಅನುಪಾತ 4.30ರಿಂದ 4.10ಕ್ಕೆ ಇಳಿಯುವುದರಿಂದ ಸ್ಪೀಡೋಮೀಟರ್ ಕಮ್ಮಿ ತೋರಿಸುತ್ತದೆ. ಮುಳ್ಳು 60ರಲ್ಲಿದ್ದಾಗ ಕಾರು ಸುಮಾರು 63ರಲ್ಲಿ ಹೋಗುತ್ತಿರುತ್ತದೆ. ಫ್ರೀವೇ ಪೊಲೀಸನಿಗೆ ಈ ಲೆಕ್ಕ ಒಪ್ಪಿಸಬೇಕಾದೀತು.

ಇನ್ನು ಕೆ24. ಸುಲಭವಾಗಿ ಸಿಗುವುದು 2004–08ರ ಅಕ್ಯುರಾ ಟಿಎಸ್‌ಎಕ್ಸ್‌ನದು, 2354 ಸಿಸಿ, 200–205 ಎಚ್‌ಪಿ. ಅಲ್ಯೂಮಿನಿಯಂ ಬ್ಲಾಕ್ ಆದ್ದರಿಂದ ಮೂತಿಯ ಭಾರ ಹೆಚ್ಚುವುದಿಲ್ಲ. ಹಳೆಯ ಹೋಂಡಾ ಬಿ ಎಂಜಿನ್‌ಗಳಂತೆ ಎಡಮುರಿ ತಿರುಗುವುದಿಲ್ಲ, ಹಾಗಾಗಿ ಮಿಯಾಟಾ ಗೇರ್‌ಬಾಕ್ಸಿಗೆ ಅಡಾಪ್ಟರ್ ಪ್ಲೇಟಿನಿಂದ ಜೋಡಿಸಬಹುದು. ಟರ್ಬೊದ ಬಿಸಿಯ ಕಾಟವಿಲ್ಲ, ಒತ್ತಿದ ಕೂಡಲೇ ಎಳೆಯುತ್ತದೆ. ಟ್ರ್ಯಾಕಿಗೇ ಮೀಸಲಾದ ಕಾರಿಗೆ ನನ್ನನ್ನು ಕೇಳಿದರೆ ಕಣ್ಣುಮುಚ್ಚಿ ಇದನ್ನೇ ಹೇಳುತ್ತಿದ್ದೆ. ಆದರೆ ಎಂಜಿನ್ನಿನ ಬೆಲೆ ಕಂಡು ಮರುಳಾಗಬೇಡ. ಸಬ್‌ಫ್ರೇಮ್, ಬೇರೆ ಆಯಿಲ್ ಸಂಪು, ಎಕ್ಸಾಸ್ಟ್ ಹೆಡರ್, ರೇಡಿಯೇಟರ್, ವೈರಿಂಗ್, ಇಸಿಯು ಎಲ್ಲ ಸೇರಿದಾಗ ಎಂಜಿನ್ ಆ ಪಟ್ಟಿಯ ಅಗ್ಗದ ಸಾಲು. ಟಿಎಸ್‌ಎಕ್ಸ್‌ನ ಥ್ರಾಟಲ್ ಕೇಬಲ್ಲಿನದಲ್ಲ, ಎಲೆಕ್ಟ್ರಾನಿಕ್. ಎಸಿ, ಆರ್‌ಪಿಎಂ ಮುಳ್ಳು, ಟೆಂಪರೇಚರ್ ಮುಳ್ಳು ಒಂದೊಂದನ್ನೂ ಬೇರೆಯಾಗಿ ಹೊಂದಿಸಬೇಕು. ಎಂಜಿನ್ ಸ್ವಾಪ್ (ಬದಲಾವಣೆ) ಅರ್ಧಕ್ಕೆ ನಿಂತ ಕಾರುಗಳು ಮಾರಾಟಕ್ಕೆ ಬರುವುದು ಸಾಮಾನ್ಯವಾಗಿ ಈ ಹಂತದಲ್ಲೇ.

ಈಗ ಸ್ಮಾಗ್. 1976ರಿಂದೀಚಿನ ಪೆಟ್ರೋಲ್ ಕಾರುಗಳಿಗೆ, ತೀರಾ ಹೊಸವನ್ನು ಬಿಟ್ಟರೆ, ಅಲ್ಲಿ ಎರಡು ವರ್ಷಕ್ಕೊಮ್ಮೆ ತಪಾಸಣೆ. ಟರ್ಬೊ ಕಿಟ್ ಹಾಕಿದರೆ ಅದಕ್ಕೆ ಕಾರ್ಬ್‌ನ (ಕ್ಯಾಲಿಫೋರ್ನಿಯಾದ ವಾಯು ಸಂಪನ್ಮೂಲ ಮಂಡಳಿ) ಎಕ್ಸಿಕ್ಯುಟಿವ್ ಆರ್ಡರ್, ಅಂದರೆ ಅನುಮತಿಯ ನಂಬರ್ ಬೇಕು. ಆ ನಂಬರ್ ನಿನ್ನ ವರ್ಷದ ಕಾರಿಗೇ ಅನ್ವಯಿಸಬೇಕು. ಬಿಡಿ ಭಾಗ ಕೂಡಿಸಿ ಕಟ್ಟಿದ ಟರ್ಬೊ, ಸ್ಟ್ಯಾಂಡ್‌ಅಲೋನ್ ಇಸಿಯು ಎರಡೂ ಕಣ್ಣಳತೆಯ ತಪಾಸಣೆಯಲ್ಲೇ ಬೀಳುತ್ತವೆ, ಹೊಗೆ ಎಷ್ಟೇ ಶುದ್ಧವಿರಲಿ. ಎಂಜಿನ್ ಬದಲಿಸಿದರೆ ಹೊಸದು ಕಾರಿನ ವರ್ಷದ್ದೋ ನಂತರದ್ದೋ ಆಗಿರಬೇಕು. ಆ ಎಂಜಿನ್ ಬಂದ ಕಾರಿನ ಹೊಗೆ ನಿಯಂತ್ರಣ ಸಾಮಾನೆಲ್ಲ ಜೊತೆಗೆ ಬಂದು ಕೆಲಸ ಮಾಡಬೇಕು. ಸ್ಮಾಗ್ ರೆಫರಿ (ಇಂಥ ಬದಲಾವಣೆಗಳನ್ನು ಪರಿಶೀಲಿಸುವ ಅಧಿಕೃತ ಕೇಂದ್ರ) ನೋಡಿ ಚೀಟಿ ಅಂಟಿಸಬೇಕು. ಟಿಎಸ್‌ಎಕ್ಸ್ ಎಂಜಿನ್ ತಂದರೆ ಅದರ ಕ್ಯಾಟಲಿಟಿಕ್ ಕನ್ವರ್ಟರ್, ಪೆಟ್ರೋಲ್ ಆವಿ ಹಿಡಿಯುವ ವ್ಯವಸ್ಥೆ, ಒಬಿಡಿ-2 (ಹೊಗೆ ನಿಯಂತ್ರಣದ ದೋಷಗಳನ್ನು ಕಾರೇ ಪತ್ತೆಹಚ್ಚುವ ವ್ಯವಸ್ಥೆ) ಎಲ್ಲವನ್ನೂ ಪುಟಾಣಿ ಮಿಯಾಟಾದಲ್ಲಿ ಬದುಕಿಸಬೇಕು. ಅಸಾಧ್ಯವಲ್ಲ, ಆದರೆ ಎಂಜಿನ್ ಕೂರಿಸುವುದಕ್ಕಿಂತ ದೊಡ್ಡ ಕೆಲಸ ಅದೇ ಆದೀತು.

ಅದಕ್ಕೇ ನನ್ನ ಸಲಹೆ ನೀನು ಕೇಳದೇ ಇದ್ದ ಮೂರನೆಯದು: 1994–95ರ ಮಿಯಾಟಾದ 1.8 ಎಂಜಿನ್. 1839 ಸಿಸಿ, 128 ಎಚ್‌ಪಿ, ಅದೇ ಕುಟುಂಬದ ಬ್ಲಾಕ್. ನಿನ್ನ ಗೇರ್‌ಬಾಕ್ಸಿಗೆ ನೇರ ಕೂರುತ್ತದೆ. ಕ್ಲಚ್ ಮಾತ್ರ 200ರ ಬದಲು 215 ಮಿ.ಮೀ., ಫ್ಲೈವೀಲ್ ಸಮೇತ ತಗೋ. ಆ ವರ್ಷಗಳದ್ದಕ್ಕೆ ಒಬಿಡಿ-2 ಇಲ್ಲದಿರುವುದೇ ಅನುಕೂಲ. ಅದರ ಇಸಿಯು, ಹಾರ್ನೆಸ್, ಗಾಳಿ ಮೀಟರ್, ಎಕ್ಸಾಸ್ಟ್, ಕ್ಯಾಟಲಿಟಿಕ್ ಸಹಿತ ಹಾಕಿದರೆ ರೆಫರಿಗೆ ತಕರಾರು ಉಳಿಯುವುದಿಲ್ಲ. 2001–05ರ ವಿವಿಟಿ (ವಾಲ್ವ್ ಟೈಮಿಂಗ್ ತಾನೇ ಬದಲಾಗುವ) ಎಂಜಿನ್ ಇನ್ನೂ ಚೆನ್ನ ಎನ್ನುವವರು ಸಿಗುತ್ತಾರೆ, ನಿಜವೂ ಹೌದು. (ಮಜ್ದಾ ಅದನ್ನು ಮೊದಲು 155 ಎಚ್‌ಪಿ ಎಂದು ಹೇಳಿ, ಆಮೇಲೆ 142ಕ್ಕೆ ಇಳಿಸಿ, ಬೇಡವೆಂದವರ ಕಾರು ವಾಪಸ್ ಕೊಳ್ಳಲು ಮುಂದಾಗಿತ್ತು.) ಆದರೆ ನಿನಗೆ ಅದೂ ಒಬಿಡಿ-2 ಗೋಜು.

128ಕ್ಕೆ ಇಷ್ಟೆಲ್ಲ ಏಕೆ ಎನ್ನಬೇಡ. ಹೆಚ್ಚಿದ ಟಾರ್ಕ್ ಕೆಳಗಿನ ಆರ್‌ಪಿಎಂನಲ್ಲೇ ಗೊತ್ತಾಗುತ್ತದೆ. ಎಂಜಿನ್ ಕೊಟ್ಟ ಅದೇ ಡೋನರ್ ಕಾರಿನಿಂದ 7 ಇಂಚಿನ ಡಿಫರೆನ್ಷಿಯಲ್, ಆ್ಯಕ್ಸಲ್, ಶಾಫ್ಟ್ ಸಹ ಒಂದೇ ಏಟಿಗೆ ಬರುತ್ತವೆ. ಹಾಗಾಗಿ ಬಿಡಿ ಎಂಜಿನ್ ಕೊಳ್ಳುವ ಬದಲು ಹಿಂಬದಿಗೆ ಗುದ್ದಿಸಿಕೊಳ್ಳದ, ಮುಂದೆ ಜಜ್ಜಿದ್ದರೂ ಎಂಜಿನ್ ಓಡುವ ಇಡೀ ಕಾರು ಹುಡುಕು. ದುಡ್ಡು ಕೊಡುವ ಮುನ್ನ ಆ ಎಂಜಿನ್ನಿನ ಕಂಪ್ರೆಷನ್ನನ್ನೂ ನೋಡು.

ನಿನ್ನ 1.6ರ ನಾಲ್ಕೂ ಅಂಕಿ ಚೆನ್ನಾಗಿ ಬಂದು ಪುಲ್ಲಿಯಲ್ಲಿ ಎಂಟು ಸೀಳು ಕಂಡರೆ ಅವಸರ ಬೇಡ, ಡಿಫರೆನ್ಷಿಯಲ್ ಮೊದಲು ಹಾಕಿಕೊಂಡು ಓಡಿಸುತ್ತಿರು. ಅಂಕಿಗಳನ್ನೂ ಪುಲ್ಲಿಯ ಫೋಟೊವನ್ನೂ ಕಳಿಸು. ರೆಫರಿ ಕಚೇರಿಗೆ ಫೋನ್ ಮಾಡಿ ಡೋನರ್ ಕಾರಿನ ಯಾವ ಸಾಮಾನು ಕಡ್ಡಾಯವೆಂದು ಬರೆದುಕೊಂಡ ಮೇಲಷ್ಟೇ ಯಾರಿಗೂ ಅಡ್ವಾನ್ಸ್ ಕೊಡು.

ನಿನ್ನ,
ರಘು