ಮಳೆ ನೀರಿನ ಡ್ರಮ್ ಹಂಚುವ ಮೊದಲು: ವಾರ್ಡ್ ಸದಸ್ಯರಿಗೆ ಒಂದು ಬಹಿರಂಗ ಪತ್ರ

ಮಾನ್ಯ ವಾರ್ಡ್ ಸದಸ್ಯರೇ,

ನಮಸ್ಕಾರ. ಮಳೆ ನೀರು ಹಿಡಿಯಲು ವಾರ್ಡಿನ ಪ್ರತಿ ಮನೆಗೂ 200 ಲೀಟರಿನ ಡ್ರಮ್ ಕೊಡುವುದಾಗಿ ನೀವು ಹೇಳಿದ್ದೀರಿ. ಇದರಿಂದ ನಲ್ಲಿ ನೀರು ಉಳಿಯುತ್ತದೆ, ರಸ್ತೆಯಲ್ಲಿ ನೀರು ನಿಲ್ಲುವುದೂ ತಪ್ಪುತ್ತದೆ ಎಂದಿದ್ದೀರಿ. ಯೋಜನೆ ಬೇಡ ಅನ್ನಲು ನಾನು ಬರೆಯುತ್ತಿಲ್ಲ. ಟೆಂಡರ್ ಕರೆಯುವ ಮೊದಲು ಒಂದು ಸಣ್ಣ ಲೆಕ್ಕ ನೋಡಿ ಅಂತ ಕೇಳಿಕೊಳ್ಳುತ್ತಿದ್ದೇನೆ.

ಒಂದು ಚದರ ಮೀಟರ್ ಚಾವಣಿಯ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಮಳೆ ನೀರಿನ ಲೆಕ್ಕವೆಲ್ಲ ಇಷ್ಟೇ. 100 ಚದರ ಮೀಟರ್ ಚಾವಣಿಗೆ 20 ಮಿಲಿಮೀಟರ್ ಮಳೆ ಬಂದರೆ 2,000 ಲೀಟರ್. ಚಿಮ್ಮಿ ಹೋದದ್ದು, ಆವಿಯಾದದ್ದು, ಕೊಳೆ ಅಂತ ಹೊರಗೆ ಬಿಟ್ಟದ್ದು ಎಲ್ಲ ಕಳೆದರೂ 1,600 ಲೀಟರ್ ಕೈಗೆ ಸಿಗುತ್ತದೆ. ನಿಮ್ಮ ಡ್ರಮ್ ತುಂಬಲು ಎರಡೂವರೆ ಮಿಲಿಮೀಟರ್ ಮಳೆ ಸಾಕು. ಜೋರು ಮಳೆಯಾದರೆ ಅದು ಕೆಲವೇ ನಿಮಿಷಗಳ ಮಾತು. ಉಳಿದ 1,400 ಲೀಟರ್ ಎಂದಿನಂತೆ ಚರಂಡಿಗೆ.

ಆಮೇಲೆ ಇನ್ನೊಂದು ತೊಡಕು. ಮಳೆ ಬಂದ ದಿನ ತೋಟಕ್ಕೆ ನೀರು ಬೇಡ. ಮರುದಿನವೂ ಬೇಡ. ಮಳೆಗಾಲದಲ್ಲಿ ಡ್ರಮ್ ತುಂಬಿದ್ದು ತುಂಬಿದ ಹಾಗೇ ಕೂತಿರುತ್ತದೆ. ಮುಂದಿನ ಮಳೆ ಬಂದಾಗ ಅದರಲ್ಲಿ ಒಂದು ತಂಬಿಗೆ ನೀರಿಗೂ ಜಾಗ ಇರುವುದಿಲ್ಲ. ಇನ್ನು ಬಿಸಿಲುಕಾಲಕ್ಕೆ ಬನ್ನಿ. ಒಂದು ಚದರ ಮೀಟರ್ ತರಕಾರಿ ಮಡಿಗೆ ದಿನಕ್ಕೆ ನಾಲ್ಕೈದು ಲೀಟರ್ ಬೇಕು. ಹತ್ತು ಚದರ ಮೀಟರಿನ ಪುಟ್ಟ ತೋಟ ಇಡೀ ಡ್ರಮ್ಮನ್ನು ನಾಲ್ಕೈದು ದಿನದಲ್ಲಿ ಖಾಲಿ ಮಾಡುತ್ತದೆ. ಬೇಕಾದಾಗ ಇಲ್ಲ, ಬೇಡವಾದಾಗ ತುಂಬಿರುತ್ತದೆ. ಹೀಗಾದರೆ ಡ್ರಮ್ಮಿನ ಮೇಲೆ ಯಾರಿಗೂ ಆಸಕ್ತಿ ಉಳಿಯುವುದಿಲ್ಲ, ಅಲ್ವಾ?

ಅದಕ್ಕೇ ನನ್ನ ಮನವಿ: ಸಂಗ್ರಹದ ಜೊತೆ ದಿನನಿತ್ಯದ ಬಳಕೆಗೂ ದಾರಿ ಮಾಡಿಕೊಡಿ. ಶೌಚಾಲಯಕ್ಕೆ ಮಳೆ ನೀರಿನ ಪೈಪ್ ಕೊಡಿಸಿ. ಇಂದಿನ ಫ್ಲಶ್ ಟ್ಯಾಂಕುಗಳಲ್ಲಿ ಒಂದು ಸಲಕ್ಕೆ ಸುಮಾರು ಆರು ಲೀಟರ್ ಹೋಗುತ್ತದೆ. ಹಳೆಯವುಗಳಲ್ಲಿ ಇನ್ನೂ ಜಾಸ್ತಿ. ನಾಲ್ಕು ಜನರ ಮನೆಯಲ್ಲಿ ತಲಾ ಐದು ಸಲ ಅಂತ ಹಿಡಿದರೂ ದಿನಕ್ಕೆ 120 ಲೀಟರ್. ಕುಡಿಯುವಷ್ಟು ಶುದ್ಧ ಮಾಡಿದ ನೀರನ್ನು ನಾವು ಅಲ್ಲಿ ಸುಮ್ನೆ ಸುರಿಯುತ್ತಿದ್ದೇವೆ. ಬಟ್ಟೆ ಒಗೆಯಲೂ ಮಳೆ ನೀರು ಒಳ್ಳೆಯದು. ಅದರಲ್ಲಿ ಸುಣ್ಣದ ಅಂಶ ಇಲ್ಲದ್ದರಿಂದ ಸೋಪು ಕಡಿಮೆ ಸಾಕು, ಯಂತ್ರದೊಳಗೆ ಬಿಳಿ ಪದರವೂ ಕಟ್ಟುವುದಿಲ್ಲ. ಈ ಎರಡು ಕೆಲಸಗಳಿಗೆ ಮಳೆ ಬಿಸಿಲು ಅಂತ ಭೇದವಿಲ್ಲ, ದಿನಾ ನೀರು ಬೇಕು. ಹಾಗಾಗಿ ತೊಟ್ಟಿ ದಿನಾ ಖಾಲಿಯಾಗುತ್ತಾ ಮುಂದಿನ ಮಳೆಗೆ ಜಾಗ ಮಾಡಿಕೊಡುತ್ತದೆ.

ರಸ್ತೆಯಲ್ಲಿ ನೀರು ನಿಲ್ಲುವ ವಿಷಯಕ್ಕೂ ಇದೇ ಉತ್ತರ. ತುಂಬಿದ ತೊಟ್ಟಿ ಪ್ರವಾಹ ತಡೆಯುವುದಿಲ್ಲ, ಖಾಲಿ ತೊಟ್ಟಿ ತಡೆಯುತ್ತದೆ. ದೊಡ್ಡ ತೊಟ್ಟಿಗಳಲ್ಲಿ ಅರ್ಧ ಎತ್ತರಕ್ಕೆ ಒಂದು ಸಣ್ಣ ತೂತು ಇಟ್ಟು, ಮೇಲಿನ ಅರ್ಧ ನೀರು ಒಂದೆರಡು ದಿನದಲ್ಲಿ ನಿಧಾನವಾಗಿ ತೋಟದ ಮಣ್ಣಿಗೆ ಇಳಿಯುವಂತೆ ಮಾಡಬಹುದು. ಕೆಳಗಿನ ಅರ್ಧ ಮನೆಗೆ, ಮೇಲಿನ ಅರ್ಧ ಬರಲಿರುವ ಮಳೆಗೆ ಮೀಸಲು. ಖರ್ಚೂ ಹೆಚ್ಚಿಲ್ಲ. ಇಂಥದ್ದನ್ನು ಯೋಜನೆಯಲ್ಲಿ ಬರೆದಿಟ್ಟರೆ ನಿಮ್ಮ ಎರಡನೇ ಮಾತಿಗೂ ಬಲ ಬರುತ್ತದೆ.

ಬರ್ಮುಡಾ ದ್ವೀಪ ನೋಡಿ. ಅಲ್ಲಿ ನದಿ ಇಲ್ಲ, ಸಿಹಿನೀರಿನ ಕೆರೆ ಇಲ್ಲ. ಮನೆಗಳ ಚಾವಣಿ ಬೆಳ್ಳಗೆ ಮೆಟ್ಟಿಲು ಮೆಟ್ಟಿಲಾಗಿರುತ್ತದೆ, ಅಡಿಯಲ್ಲಿ ತೊಟ್ಟಿ ಇರುತ್ತದೆ. ಮಳೆ ನೀರು ಹಿಡಿಯಬೇಕು ಅಂತ ಕಾನೂನು ಇದೆ, ತೊಟ್ಟಿಯನ್ನು ಆರು ವರ್ಷಕ್ಕೊಮ್ಮೆಯಾದರೂ ತೊಳೆಯಬೇಕು ಅಂತಲೂ ಇದೆ. ಆದರೆ ಅಲ್ಲಿ ತೊಟ್ಟಿಗಳು ಚೆನ್ನಾಗಿರುವುದು ಬರೀ ಕಾನೂನಿನ ಹೆದರಿಕೆಯಿಂದ ಅಂತ ನನಗೆ ಅನಿಸುವುದಿಲ್ಲ. ಮನೆಯವರೇ ದಿನಾ ಆ ನೀರು ಬಳಸುತ್ತಾರೆ. ಬಳಸುವ ನೀರನ್ನು ಯಾರೂ ಕೊಳೆಯಲು ಬಿಡುವುದಿಲ್ಲ.

ಡ್ರಮ್ ಕೊಡುವುದೇ ಖಚಿತವಾದರೆ, ಅದರ ಮುಚ್ಚಳದ ಬಗ್ಗೆ ಸ್ವಲ್ಪ ಹಟ ಹಿಡಿಯಿರಿ. ಬಿಸಿ ಹವೆಯಲ್ಲಿ ಸೊಳ್ಳೆಯ ಮೊಟ್ಟೆ ವಾರ, ಹತ್ತು ದಿನದಲ್ಲಿ ಹಾರುವ ಸೊಳ್ಳೆಯಾಗುತ್ತದೆ. ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಮನೆ ಪಕ್ಕದ ಇಂಥ ನಿಂತ ನೀರೇ ಇಷ್ಟ. ಬಿಗಿಯಾದ ಮುಚ್ಚಳ ಬೇಕು, ನೀರು ಒಳಬರುವ ಬಾಯಿಗೂ ಹೆಚ್ಚಾದದ್ದು ಹೊರಹೋಗುವ ಪೈಪಿಗೂ ಒಂದು ಮಿಲಿಮೀಟರಿಗಿಂತ ಸಣ್ಣ ಕಣ್ಣಿನ ಬಲೆ ಬೇಕು. ಎಲ್ಲರೂ ಮರೆಯುವುದು ಈ ಹೊರಹೋಗುವ ಪೈಪನ್ನೇ. ಮೊದಲು ಡ್ರಮ್ ಹಂಚಿ, ಜ್ವರ ಬಂದ ಮೇಲೆ ಬಲೆ ಹಂಚಿದರೆ ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗಾಗುತ್ತದೆ.

ಡ್ರಮ್ ಗಾಢ ಬಣ್ಣದ್ದಿರಲಿ. ಬೆಳಕು ಒಳಗೆ ಹೋದರೆ ಪಾಚಿ ಕಟ್ಟುತ್ತದೆ. ತುಂಬಿದ ಡ್ರಮ್ 200 ಕೆಜಿ ಮೀರುತ್ತದೆ, ಹಾಗಾಗಿ ಅಲುಗಾಡದ ಕಟ್ಟೆ ಬೇಕು. ನಲ್ಲಿಯ ಕೆಳಗೆ ಬಕೆಟ್ ಕೂರುವಷ್ಟು ಎತ್ತರವೂ ಬೇಕು. ಡ್ರಮ್ಮಿಗೆ ಕೊಳವೆ ಹಾಕಿ ಸ್ಪ್ರಿಂಕ್ಲರ್ ಓಡಿಸಬಹುದು ಅಂತ ಮಾತ್ರ ಯಾರಿಗೂ ಆಸೆ ಹುಟ್ಟಿಸಬೇಡಿ. ಒಂದು ಮೀಟರ್ ಎತ್ತರಕ್ಕೆ ಸಿಗುವ ಒತ್ತಡ ಬರೀ 0.1 ಬಾರ್. ಹೆಚ್ಚಾದ ನೀರು ಗೋಡೆಯ ಪಾಯಕ್ಕೆ ಇಳಿಯದೆ ದೂರ ಹೋಗಲಿ, ಅದೂ ಪಕ್ಕದ ಮನೆಯ ಕಡೆಗಲ್ಲ.

ಚಾವಣಿಯ ಧೂಳು, ಎಲೆ, ಹಕ್ಕಿಯ ಹಿಕ್ಕೆ ಎಲ್ಲ ಬರುವುದು ಮೊದಲ ನೀರಿನಲ್ಲಿ. ಕನಿಷ್ಠ ಮೊದಲ ಒಂದು ಮಿಲಿಮೀಟರ್ ಮಳೆಯನ್ನು, ಅಂದರೆ 100 ಚದರ ಮೀಟರಿಗೆ 100 ಲೀಟರನ್ನು, ತೊಟ್ಟಿಗೆ ಬಿಡದೆ ಪಕ್ಕಕ್ಕೆ ತಿರುಗಿಸಬೇಕು. ಇದಕ್ಕೆ ಅಡಿ ಮುಚ್ಚಿದ ಒಂದು ದಪ್ಪ ಪೈಪ್ ಸಾಕು. ಅದು ತುಂಬಿದ ಮೇಲಷ್ಟೇ ನೀರು ತೊಟ್ಟಿಯ ಕಡೆ ತಿರುಗುತ್ತದೆ. ಅಡಿಯ ಸಣ್ಣ ತೂತಿನಿಂದ ಕೊಳೆ ನೀರು ತೊಟ್ಟಿಕ್ಕಿ ಖಾಲಿಯಾಗುತ್ತದೆ. ಹೀಗೆ ಮಾಡಿದರೂ ಶುದ್ಧೀಕರಿಸದೆ ಅದು ಕುಡಿಯುವ ನೀರಲ್ಲ. ನಲ್ಲಿಯ ಮೇಲೆ ಹಾಗಂತ ದಪ್ಪ ಅಕ್ಷರದಲ್ಲಿ ಬರೆಸಿ. ಮಳೆ ನೀರು ಸ್ವಲ್ಪ ಆಮ್ಲೀಯ. ಸೀಸದ ಹಾಳೆ ಅಥವಾ ಸೀಸದ ಬಣ್ಣ ಇರುವ ಚಾವಣಿಯಿಂದ ಅದು ಸೀಸವನ್ನೂ ಕರಗಿಸಿಕೊಂಡು ಬರುತ್ತದೆ. ಅಂಥ ನೀರು ತರಕಾರಿಗೂ ಬೇಡ.

ಮಳೆ ನೀರಿನ ಪೈಪು ಮತ್ತು ಸರಬರಾಜಿನ ಪೈಪು ಎಲ್ಲಿಯೂ ನೇರವಾಗಿ ಕೂಡಬಾರದು. ಮಳೆ ಇಲ್ಲದಾಗ ತೊಟ್ಟಿಗೆ ನಲ್ಲಿ ನೀರು ತುಂಬಿಸುವುದಾದರೆ ಮೇಲಿನಿಂದ, ನಡುವೆ ಗಾಳಿಯ ಅಂತರ ಬಿಟ್ಟು ಬೀಳಿಸಬೇಕು. ಇಲ್ಲದಿದ್ದರೆ ಒತ್ತಡ ಇಳಿದ ದಿನ ಒಂದು ಮನೆಯ ತೊಟ್ಟಿ ನೀರು ಇಡೀ ಬೀದಿಯ ಕುಡಿಯುವ ಪೈಪಿಗೆ ನುಗ್ಗಬಹುದು. ಇದನ್ನು ಮಾತ್ರ ಮನೆಯವರ ಪಾಲಿಗೆ ಬಿಡಬೇಡಿ, ಸರಬರಾಜಿನ ಸಿಬ್ಬಂದಿಯೇ ಬಂದು ನೋಡಲಿ.

ಕೊನೆಗೆ, ಮನೆಗಳಿಗಿಂತ ಮೊದಲು ನಿಮ್ಮ ಕೈಯಲ್ಲೇ ಇರುವ ಚಾವಣಿಗಳಿಂದ ಶುರು ಮಾಡಿ. ಟೋಕಿಯೊದ ಸುಮೊ ಕುಸ್ತಿ ಅಖಾಡ ಕೊಕುಗಿಕಾನ್ 1985ರಲ್ಲಿ ತೆರೆಯಿತು. ಅದರ ದೊಡ್ಡ ಚಾವಣಿಯ ಮಳೆ ನೀರು ನೆಲಮಾಳಿಗೆಯ ತೊಟ್ಟಿಗೆ ಇಳಿದು ಶೌಚಾಲಯಗಳಿಗೆ ಹೋಗುತ್ತದೆ. ವಾರ್ಡಿನ ಶಾಲೆ, ಕಚೇರಿ, ಸಭಾಭವನಗಳಿಗೂ ಅಗಲವಾದ ಚಾವಣಿ ಇದೆ, ದಿನಾ ಬಳಕೆಯಾಗುವ ಶೌಚಾಲಯ ಇದೆ. ಡ್ರಮ್ಮಿಗೆ ಇಟ್ಟ ಹಣದ ಅರ್ಧವನ್ನು ಅಲ್ಲಿಗೆ ತಿರುಗಿಸಲು ನೀವು ಒಪ್ಪುತ್ತೀರಾ? ಒಂದು ಮಳೆಗಾಲ ಕಳೆದ ಮೇಲೆ ಎಷ್ಟು ಡ್ರಮ್ ಹಂಚಿದಿರಿ ಅನ್ನುವ ಬದಲು ಎಷ್ಟು ಲೀಟರ್ ಬಳಕೆಯಾಯಿತು ಅಂತ ಮೀಟರ್ ಇಟ್ಟು ಪ್ರಕಟಿಸುತ್ತೀರಾ? ಮುಂದಿನ ವಾರ್ಡ್ ಸಭೆಯಲ್ಲಿ ಈ ಎರಡು ಪ್ರಶ್ನೆಗಳಿಗೆ ಉತ್ತರ ಕೇಳಲು ನಾನೂ ಬರುತ್ತೇನೆ.

ಇಂತಿ,
ನಿಮ್ಮ ವಾರ್ಡಿನ ಒಬ್ಬ ಮತದಾರ