ಶಿಶುವಿನ ಕುತ್ತಿಗೆಯ ದುಗ್ಧರಸದ ಗಂಟು: ಸದಸ್ಯರ ಗಮನಕ್ಕೆ

ಆತ್ಮೀಯ ಸದಸ್ಯರೇ,

ಸ್ಕ್ಯಾನಿಂಗ್ ವರದಿಯಲ್ಲಿ ‘ಸಿಸ್ಟಿಕ್ ಹೈಗ್ರೋಮಾ’ ಎಂದು ಕಂಡೊಡನೆ ಕ್ಯಾನ್ಸರ್ ಎಂದು ಹೆದರಬೇಡಿ. ದುಗ್ಧನಾಳಗಳು (ದೇಹದ ಅಂಗಾಂಶಗಳ ದ್ರವವನ್ನು ಸಾಗಿಸುವ ಸಣ್ಣ ನಾಳಗಳು) ಸರಿಯಾಗಿ ಬೆಳೆಯದೆ ದ್ರವ ತುಂಬಿಕೊಂಡ ಚೀಲವಿದು. ಗರ್ಭಾವಸ್ಥೆಯ 11ರಿಂದ 14ನೇ ವಾರದೊಳಗೆ ಶಿಶುವಿನ ಕತ್ತಿನ ಹಿಂಭಾಗದಲ್ಲಿ ಇದು ಕಂಡರೆ ಟರ್ನರ್, ಡೌನ್ ಸಿಂಡ್ರೋಮ್‌ಗಳಂಥ ವರ್ಣತಂತು (ಕ್ರೋಮೋಸೋಮ್) ದೋಷಗಳ ಸಾಧ್ಯತೆ ಹೆಚ್ಚುವುದರಿಂದ, ವರ್ಣತಂತು ಪರೀಕ್ಷೆಯನ್ನೂ ಮುಂದೆ ಶಿಶುವಿನ ಹೃದಯದ ಸ್ಕ್ಯಾನಿಂಗನ್ನೂ ತಪ್ಪಿಸಬಾರದು. ಕತ್ತಿನ ಮುಂಭಾಗದ ದೊಡ್ಡ ಗಂಟು ಶ್ವಾಸನಾಳವನ್ನು ಒತ್ತಬಹುದಾದ್ದರಿಂದ, ಹುಟ್ಟಿದ ಕ್ಷಣವೇ ಮಗುವಿಗೆ ಉಸಿರಿನ ಕೊಳವೆ ಹಾಕಬಲ್ಲ ತಂಡವಿರುವ ಆಸ್ಪತ್ರೆಯಲ್ಲೇ ಹೆರಿಗೆಯಾಗಬೇಕೆಂಬುದು ನನ್ನ ದೃಢ ಅಭಿಪ್ರಾಯ.

ಮುಟ್ಟಿದರೆ ಮೆತ್ತಗಿದ್ದು, ಟಾರ್ಚ್ ಹಿಡಿದರೆ ಬೆಳಕು ಹಾಯುವ ಈ ಗಂಟು ನೆಗಡಿ, ಜ್ವರ ಬಂದಾಗ ಏಕಾಏಕಿ ಊದಬಹುದು. ಬ್ಲಿಯೋಮೈಸಿನ್‌ನಂತಹ ಗಂಟನ್ನು ಕುಗ್ಗಿಸುವ ಔಷಧದ ಚುಚ್ಚುಮದ್ದೋ, ಶಸ್ತ್ರಚಿಕಿತ್ಸೆಯೋ, ಆಯ್ದ ಮಕ್ಕಳಿಗೆ ಸಿರೋಲಿಮಸ್ ಎಂಬ ಬಾಯಿಯ ಮೂಲಕ ಕೊಡುವ ಔಷಧವೋ ಎಂಬುದನ್ನು ಮಕ್ಕಳ ಶಸ್ತ್ರಚಿಕಿತ್ಸಕರೊಂದಿಗೆ ಚರ್ಚಿಸಿ. ಉಸಿರಾಡುವಾಗ ಸದ್ದು ಬಂದರೆ, ಹಾಲು ಕುಡಿಯಲು ಕಷ್ಟಪಟ್ಟರೆ, ದಯವಿಟ್ಟು ಮರುದಿನದವರೆಗೆ ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ.