ಗೆಳೆಯನಿಗೊಂದು ಪತ್ರ: ನಮ್ಮ ಟೀಚರ್ ಚುನಾವಣೆಗೆ ನಿಂತದ್ದು

ಪ್ರೀತಿಯ ಗೆಳೆಯಾ,

ನಿನ್ನ ಪತ್ರ ಸಿಕ್ಕಿತು. ಪಂಚಾಯಿತಿ ಚುನಾವಣೆಗೆ ನಿಲ್ಲು ಅಂತ ಊರಿನವರು ಬೆನ್ನು ಬಿದ್ದಿದ್ದಾರೆ, ಹೈಸ್ಕೂಲು ಮೇಷ್ಟ್ರಿಗೆ ರಾಜಕೀಯ ಯಾಕೆ ಅಂತ ಕೇಳಿದ್ದೀಯ. ನನಗೆ ಕೊಡಗಿನ ಸುಂಟಿಕೊಪ್ಪ ಕಡೆಯ ನಮ್ಮ ಪ್ರಾಥಮಿಕ ಶಾಲೆ ಟೀಚರ್ ನೆನಪಾದರು. ನೀವು ಹಾಸನಕ್ಕೆ ಹೋದಮೇಲೆ ಅವರು ಏನೆಲ್ಲ ಮಾಡಿದರು ಅಂತ ನಿನಗೆ ಗೊತ್ತಿಲ್ಲ ಅಲ್ವಾ?

ಅವರು ಕೆಲಸಕ್ಕೆ ಸೇರಿದಾಗ ಕೊಡಗು ಇನ್ನೂ ಬೇರೆ ರಾಜ್ಯ. ಸಿ.ಎಂ. ಪೂಣಚ್ಚ ಮುಖ್ಯಮಂತ್ರಿ, ಒಟ್ಟು 24 ಶಾಸಕರು, ವಿಧಾನಸಭೆ ಮಡಿಕೇರಿಯಲ್ಲೇ. ಶಾಲೆಗೆ ಏನಾದರೂ ಬೇಕಾದರೆ ಬೆಳಿಗ್ಗೆ ಬಸ್ಸು ಹತ್ತಿ ಹೋಗಿ, ಕೇಳಿ, ಸಂಜೆಗೆ ಮನೆ ಸೇರಬಹುದಿತ್ತಂತೆ. 1956ರ ನವೆಂಬರ್ 1ರಂದು ಕೊಡಗು ಮೈಸೂರು ರಾಜ್ಯಕ್ಕೆ ಸೇರಿತು. ಕನ್ನಡದವರು ಒಂದಾದದ್ದು ಟೀಚರಿಗೆ ಸಂತೋಷವೇ. ಆದರೆ ಒಂದು ಕೊಠಡಿ ಬೇಕೆಂದರೂ ಬೆಂಗಳೂರಿನ ದಾರಿ ಕಾಯಬೇಕಾಯಿತು.

ನಮ್ಮ ಭಾಗದಲ್ಲಿ ಲೈನ್ ಮನೆಗಳ, ಅಂದರೆ ಕಾಫಿ ತೋಟದ ಕೂಲಿಯವರ ಸಾಲು ಮನೆಗಳ, ಹೆಣ್ಣುಮಕ್ಕಳನ್ನು ಮೊದಲು ಶಾಲೆಗೆ ಕರೆತಂದವರು ಅವರೇ. ಕರೆತಂದರೆ ಆಯಿತೇ? ಜನವರಿ ಬಂದು ರೋಬಸ್ಟಾ ಕಾಫಿ ಹಣ್ಣಾಯಿತು ಅಂದರೆ ಅರ್ಧ ಹುಡುಗಿಯರು ನಾಪತ್ತೆ. ಕಾಫಿ ಕುಯ್ಯಲು ಹೋಗಿರುತ್ತಾರೆ ಅಂತ ಎಲ್ಲರೂ ಅಂದುಕೊಂಡಿದ್ದರು. ಟೀಚರ್ ಹಾಜರಿ ಪುಸ್ತಕ ಹಿಡಿದು ಸಂಜೆ ಹೊತ್ತು ಲೈನಿಗೆ ಹೋಗಿ ವಿಚಾರಿಸಿದರು. ತೋಟಕ್ಕೆ ಹೋದವರು ಕಡಿಮೆ. ಅಪ್ಪ ಅಮ್ಮ ಇಬ್ಬರೂ ಕೆಲಸಕ್ಕೆ ಹೋಗುವಾಗ ಕೈಗೂಸನ್ನು ನೋಡಿಕೊಳ್ಳಲು ಮನೆಯಲ್ಲಿ ಉಳಿದವರೇ ಜಾಸ್ತಿ. ಪುಟ್ಟ ಮಕ್ಕಳಿಗೆ ಒಂದು ಜಾಗ ಆಗದೆ ದೊಡ್ಡವರು ಶಾಲೆಗೆ ಬರೋದಿಲ್ಲ ಅಂತ ಅವರು ಅರ್ಜಿ ಬರೆದರು, ಮತ್ತೆ ಮತ್ತೆ ಬರೆದರು. ಒಂದಕ್ಕೂ ಉತ್ತರ ಬರಲಿಲ್ಲ.

ಅಷ್ಟರಲ್ಲಿ 1987ರ ಜಿಲ್ಲಾ ಪರಿಷತ್ (ಈಗಿನ ಜಿಲ್ಲಾ ಪಂಚಾಯಿತಿಯ ಹಾಗೆ) ಚುನಾವಣೆ ಬಂತು. 1983ರ ಕಾಯ್ದೆಯಲ್ಲಿ ಮಹಿಳೆಯರಿಗೆ ನಾಲ್ಕನೇ ಒಂದು ಭಾಗ ಸೀಟು ಇಟ್ಟಿದ್ದರು. ಮಂತ್ರಿಯಾಗಿದ್ದ ಅಬ್ದುಲ್ ನಜೀರ್ ಸಾಬರ ಶ್ರಮ ಅದರ ಹಿಂದೆ ಬಹಳ ಇತ್ತು. ಹಳ್ಳಿಹಳ್ಳಿಗೆ ಬೋರ್‌ವೆಲ್ ಹಾಕಿಸಿ 'ನೀರ್ ಸಾಬ್' ಅನ್ನಿಸಿಕೊಂಡವರು, ಅವರನ್ನು ಜನ ಮರೆಯಬಾರದು. ಪ್ರಾಥಮಿಕ ಶಾಲೆಗಳ ಹೊಣೆಯೂ ಜಿಲ್ಲಾ ಪರಿಷತ್ತಿಗೆ ಬಂತು. ಟೀಚರಿಗೆ ಅದರ ಅರ್ಥ ಕೂಡಲೇ ಹೊಳೆಯಿತು: ಶಾಲೆಯ ಮಾತು ಮತ್ತೆ ಮಡಿಕೇರಿಯಲ್ಲೇ ತೀರ್ಮಾನವಾಗುತ್ತದೆ! ಸರ್ಕಾರಿ ನೌಕರರು ಸ್ಪರ್ಧಿಸುವ ಹಾಗಿಲ್ಲ. ರಾಜೀನಾಮೆ ಕೊಟ್ಟೇ ನಿಂತರು. ಮನೆಯಲ್ಲಿ ದೊಡ್ಡ ಜಗಳವೇ ಆಯಿತಂತೆ. ಗೆದ್ದರು.

ಸಭೆಯಲ್ಲಿ ಅವರು ಭಾಷಣ ಮಾಡಿದ್ದು ಕಡಿಮೆ. ಯಾವ ಶಾಲೆಯಲ್ಲಿ ಯಾವ ತಿಂಗಳು ಎಷ್ಟು ಮಕ್ಕಳು ಬಂದಿಲ್ಲ ಅಂತ ಓದಿ ಹೇಳಿ ಕೂರುತ್ತಿದ್ದರು. ಅಧಿಕಾರಿಗಳಿಗೆ ಕಿರಿಕಿರಿ. ಕೊನೆಗೆ ತೋಟಗಳ ಹತ್ತಿರ ಅಂಗನವಾಡಿ ಆಯಿತು. ಇನ್ನೊಂದು ಹಟ ಶಾಲೆಯ ಹೆಂಚಿನದು. ರಿಪೇರಿಯ ದುಡ್ಡು ಮಳೆ ಹಿಡಿದ ಮೇಲೆ ಬಂದರೆ ನಮ್ಮೂರಲ್ಲಿ ಯಾರು ಮಾಡು ಹತ್ತುತ್ತಾರೆ ಹೇಳು? ಮೇ ಮುಗಿಯುವುದರೊಳಗೆ ಹೆಂಚು ಹೊದಿಸಿ ಆಗಬೇಕು ಅಂತ ಪಟ್ಟು ಹಿಡಿದು ಮಾಡಿಸಿದರು.

1992ಕ್ಕೆ ಪರಿಷತ್ತುಗಳ ಅವಧಿ ಮುಗಿಯಿತು. ಮುಂದಿನ ಚುನಾವಣೆ ಬೇಗ ನಡೆಯಲೇ ಇಲ್ಲ. 1993ರ ಹೊಸ ಪಂಚಾಯತ್ ರಾಜ್ ಕಾಯ್ದೆ ಬಂದಮೇಲೆ ಗ್ರಾಮ ಪಂಚಾಯಿತಿಗೆ ನಿಂತರು. ಜಿಲ್ಲೆಯಲ್ಲಿ ಕೂತವರು ಊರಿಗೆ ಇಳಿದರು ಅಂತ ಕೆಲವರು ಆಡಿಕೊಂಡರು. ಅವರು ತಲೆಗೆ ಹಾಕಿಕೊಳ್ಳಲಿಲ್ಲ.

ಒಂದು ವಿಷಯ ಮಾತ್ರ ಅವರಿಗೆ ಕೊನೆಯವರೆಗೂ ನೋವು ಕೊಡುತ್ತಿತ್ತು. ವಿಧಾನ ಪರಿಷತ್ತಿಗೆ ಶಿಕ್ಷಕರೇ ಸದಸ್ಯರನ್ನು ಆರಿಸುವ ಶಿಕ್ಷಕರ ಕ್ಷೇತ್ರದಲ್ಲಿ ಹೈಸ್ಕೂಲು ಮತ್ತು ಅದಕ್ಕಿಂತ ಮೇಲಿನವರಿಗೆ ಮಾತ್ರ ಮತ. ನಿನಗೆ ಅದರಲ್ಲಿ ಮತ ಇದೆ. ನಮಗೆ ಅಕ್ಷರ ತಿದ್ದಿಸಿದ ಟೀಚರಿಗೆ ಇರಲಿಲ್ಲ. ಇದು ಅನ್ಯಾಯ ಅಂತ ನನಗೂ ಅನಿಸುತ್ತದೆ.

ನೀನು ನಿಲ್ಲಬೇಕು ಅನ್ನುವುದು ನನ್ನ ಆಸೆ. ಆದರೆ ರಾಜೀನಾಮೆ ಬರೆಯುವ ಮೊದಲು ಸಂಬಳ, ಪಿಂಚಣಿ ಲೆಕ್ಕವೆಲ್ಲ ಮನೆಯಲ್ಲಿ ಕೂತು ಮಾತಾಡು. ನಿಂತರೆ ಲೈನ್ ಮನೆಗಳಿಗೆ ಸಂಜೆ ಆರರ ಮೇಲೆ ಹೋಗು, ಹಗಲು ದೊಡ್ಡವರು ಯಾರೂ ಸಿಗೋದಿಲ್ಲ. ನಾನೂ ರಜೆ ಹಾಕಿ ಬರ್ತೀನಿ.

ನಿನ್ನ ಗೆಳೆಯ